ರಾಬಿಗ್‌ಗೆ ಎಷ್ಟು ಬಾಟ್ಲಿ ದೂರ

ಯಾನ್ಬುವಿನಿಂದ ಜೆದ್ದಾಕ್ಕೆ ಹೋಗುವ ಕರಾವಳಿ ಹೆದ್ದಾರಿಯ ಫಲಕಗಳು ಕಿಲೋಮೀಟರು ಹೇಳುತ್ತವೆ. ಕಾರಿನವರಿಗೆ ಅಷ್ಟು ಸಾಕು. ಸೈಕಲ್ಲಿನವನಿಗೆ ಅದಕ್ಕಿಂತ ಮೊದಲು ತಿಳಿಯಬೇಕಾದ ಲೆಕ್ಕ ಇನ್ನೊಂದಿದೆ: ಮುಂದಿನ ನೀರು ಎಲ್ಲಿ, ಅಲ್ಲಿ ಮುಟ್ಟುವಷ್ಟರಲ್ಲಿ ಎಷ್ಟು ಬಾಟ್ಲಿ ಖಾಲಿಯಾದೀತು. ಚಳಿಗಾಲದ ಹವೆಯಲ್ಲೂ ಪೆಡಲ್ ತುಳಿಯುತ್ತಿದ್ದರೆ ಗಂಟೆಗೆ ಮುಕ್ಕಾಲು ಲೀಟರು ನೀರು ಬೇಕೇ ಬೇಕು. ಹಿಂದಿನಿಂದ ಗಾಳಿ ಇದ್ದರೆ ಅಷ್ಟು ಹೊತ್ತಿಗೆ ಇಪ್ಪತ್ತು ಕಿಲೋಮೀಟರು ಸಾಗಬಹುದು, ಎದುರುಗಾಳಿ ಬಂದರೆ ಹತ್ತೂ ಸಾಗದು. ಹಾಗಾಗಿ ಒಂದೇ ದಾರಿ ಒಂದು ದಿನ ನಾಲ್ಕು ಬಾಟ್ಲಿ, ಇನ್ನೊಂದು ದಿನ ಎಂಟು ಬಾಟ್ಲಿ. ಪುತ್ತೂರಿನ ಕಡೆ ಹುಟ್ಟಿ ಬೆಳೆದವನಿಗೆ, ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಊರಿನವನಿಗೆ, ದೂರವನ್ನು ನೀರಿನಲ್ಲಿ ಅಳೆಯುವ ಈ ಪಾಠ ಕಲಿಯಲು ವರ್ಷಕ್ಕೆ ನೂರು ಮಿಲಿಮೀಟರೂ ಮಳೆ ಕಾಣದ ಈ ತೀರಕ್ಕೇ ಬರಬೇಕಾಯಿತು. ಆದರೆ ಈ ತೀರದ ಊರುಗಳನ್ನೆಲ್ಲ ಯಾರೋ ಸಾವಿರ ವರ್ಷಗಳ ಹಿಂದೆಯೇ ಈ ಅಳತೆಯಲ್ಲೇ ಕೂರಿಸಿಟ್ಟಿದ್ದಾರೆ. ಕಾರಿನ ಕಿಟಕಿಯಿಂದ ಅದು ಕಾಣುವುದಿಲ್ಲ. ಅದಕ್ಕೇ ಈ ಹರಟೆ.

ಕೆಲಸ ಯಾನ್ಬುವಿನಲ್ಲಿ. ಸಿಕ್ಕ ರಜೆಯಲ್ಲಿ ಜೆದ್ದಾದವರೆಗೆ ಒಬ್ಬನೇ ಸೈಕಲ್ಲಿನಲ್ಲಿ ಹೋಗಬೇಕೆಂಬುದು ಬಹಳ ಕಾಲದ ಆಸೆ. ಅದಕ್ಕೆ ಜನವರಿಯೇ ಸರಿ. ಮೊದಲ ದಿನದ ದಾರಿ ಕೈಗಾರಿಕಾ ಪ್ರದೇಶದ ಉದ್ದಕ್ಕೂ ಕೊಳವೆ, ತೊಟ್ಟಿ, ಬೇಲಿಗಳ ನಡುವೆಯೇ ಮುಗಿಯುತ್ತದೆ, ಅದರಲ್ಲಿ ಹೇಳುವಂಥದ್ದು ಹೆಚ್ಚಿಲ್ಲ. ನನಗೆ ಹೇಳಬೇಕೆನಿಸುವುದು ಅದರ ಮರುದಿನ, ಅರ್ರಾಯಿಸ್ ಎಂಬ ಮೀನುಗಾರರ ಸಣ್ಣ ಊರಿನಿಂದ ರಾಬಿಗ್‌ವರೆಗಿನ ಒಂದು ಹಗಲು. ಸುಮಾರು ನೂರು ಕಿಲೋಮೀಟರು. ಬಲಕ್ಕೆ ಕೆಂಪು ಸಮುದ್ರ, ಆದರೆ ರಸ್ತೆಯಿಂದ ಯಾವಾಗಲೂ ಕಾಣುವುದಿಲ್ಲ. ಎಡಕ್ಕೆ ದೂರದಲ್ಲಿ ಹಿಜಾಜ್ ಬೆಟ್ಟಗಳು. ನಡುವೆ ಚಪ್ಪಟೆ ಬಯಲು.

ಈ ತಿಂಗಳಲ್ಲಿ ಇಲ್ಲಿ ಸೂರ್ಯ ಹುಟ್ಟುವುದು ಏಳರ ಹೊತ್ತಿಗೆ. ಬೆಳಗಿನ ನಮಾಜು ಮುಗಿಯುತ್ತಿದ್ದಂತೆ ತಂದೂರಿನಿಂದ ತಮೀಸ್ ರೊಟ್ಟಿ ಬರತೊಡಗುತ್ತದೆ. ಮೊರದಗಲದ ರೊಟ್ಟಿ, ಜೊತೆಗೆ ಬೇಯಿಸಿ ಮಸೆದ ಬೀನ್ಸ್ ಕಾಳಿನ ಫೂಲ್, ಮೇಲೆ ಆಲಿವ್ ಎಣ್ಣೆ, ಜೀರಿಗೆ ಪುಡಿ. ದಿನವಿಡೀ ಸೈಕಲ್ ತುಳಿಯುವವನಿಗೆ ಇದಕ್ಕಿಂತ ಒಳ್ಳೆಯ ಬೆಳಗಿನ ತಿಂಡಿ ನಾನು ಕಂಡಿಲ್ಲ. ಹತ್ತೂವರೆಯವರೆಗೆ ಹೊಟ್ಟೆ ಸದ್ದು ಮಾಡುವುದಿಲ್ಲ. ಉಳಿದರ್ಧ ರೊಟ್ಟಿಯನ್ನು ಕಾಗದದಲ್ಲಿ ಸುತ್ತಿ ಹಿಂದಿನ ಚೀಲಕ್ಕೆ ಹಾಕಿಕೊಂಡೆ.

ನೀರು ಎಂಟು ಲೀಟರು. ಎಂಟು ಲೀಟರೆಂದರೆ ಎಂಟು ಕಿಲೋ, ಹಾಗಾಗಿ ಅದನ್ನು ಎಲ್ಲಿ ಕಟ್ಟುವುದೆಂಬುದು ಸಣ್ಣ ವಿಷಯವಲ್ಲ. ಕ್ಯಾರಿಯರಿನ ಮೇಲೆ ಎತ್ತರಕ್ಕೆ ಪೇರಿಸಿದರೆ ಲಾರಿ ಪಕ್ಕದಲ್ಲಿ ಹಾದಾಗಲೆಲ್ಲ ಸೈಕಲ್ ತೂಗಾಡುತ್ತದೆ. ಮುಂದಿನ ಚಕ್ರದ ಎರಡೂ ಬದಿಗೆ, ತೀರ ಕೆಳಗೆ, ಸಮತೂಕಕ್ಕೆ ಕಟ್ಟಿದರೆ ಗಾಡಿ ನೆಲಕ್ಕೆ ಕಚ್ಚಿಕೊಂಡಂತೆ ಓಡುತ್ತದೆ. ಒಂದು ಬಾಟ್ಲಿಯಲ್ಲಿ ಬರೀ ನೀರಲ್ಲ. ಲೀಟರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು, ವಾಂತಿ ಭೇದಿಗೆ ಆಸ್ಪತ್ರೆಯವರು ಹೇಳುವ ಅದೇ ಲೆಕ್ಕ. ಅದಕ್ಕೆ ಊರಿನಿಂದ ಬಂದ ಒಣ ಪುನರ್ಪುಳಿ ನಾಲ್ಕು ಎಸಳು. ಬೆವರಿನಲ್ಲಿ ನೀರಿನ ಜೊತೆ ಉಪ್ಪೂ ಹೋಗುತ್ತದೆ. ಬರೀ ನೀರು ಕುಡಿಯುತ್ತ ಹೋದವನಿಗೆ ಮಧ್ಯಾಹ್ನದ ಹೊತ್ತಿಗೆ ತಲೆ ಭಾರವಾಗಿ ಮೀನಖಂಡ ಹಿಡಿದುಕೊಳ್ಳುತ್ತದೆ. ಪೇಟೆಯಲ್ಲಿ ಬಣ್ಣಬಣ್ಣದ ಪುಡಿಗಳು ಬೇಕಾದಷ್ಟು ಸಿಗುತ್ತವೆ, ಆದರೆ ಮೂರನೇ ಗಂಟೆಯ ಹೊತ್ತಿಗೆ ಅವುಗಳ ಸಿಹಿ ನಾಲಗೆಗೆ ಹೇಸಿಗೆಯಾಗುತ್ತದೆ. ಪುನರ್ಪುಳಿ ಎಷ್ಟು ಹೊತ್ತಾದರೂ ಕುಡಿಯಬೇಕೆನಿಸುತ್ತದೆ.

ಬೆಳಗಿನ ಗಾಳಿ ಬೆಟ್ಟದ ಕಡೆಯಿಂದ, ಅಂದರೆ ಎಡದಿಂದ ಬರುತ್ತದೆ. ರಾತ್ರಿ ತಣಿದ ನೆಲ ಬಿಸಿಲಿಗೆ ಕಾಯುತ್ತಿದ್ದಂತೆ ಅದು ನಿಲ್ಲುತ್ತದೆ, ಒಂದು ಗಂಟೆ ಏನೂ ಇಲ್ಲ, ಆಮೇಲೆ ವಾಯವ್ಯದಿಂದ ಕಡಲ ಗಾಳಿ ಏಳುತ್ತದೆ. ನಾನು ಹೋಗುತ್ತಿದ್ದದ್ದು ದಕ್ಷಿಣಕ್ಕೆ, ಹಾಗಾಗಿ ಆ ಗಾಳಿ ನನ್ನ ಬೆನ್ನಿಗೆ. ಜೆದ್ದಾದಿಂದ ಯಾನ್ಬುವಿಗೆ ಬರುವ ಸೈಕಲ್ಲಿನವರು ಇದೇ ದಾರಿಯಲ್ಲಿ ಮಧ್ಯಾಹ್ನದ ನಂತರ ತಲೆ ತಗ್ಗಿಸಿ ಅಳುವಷ್ಟು ಕಷ್ಟಪಡುತ್ತಾರೆ. ಕೆಂಪು ಸಮುದ್ರದ ಉತ್ತರಾರ್ಧದಲ್ಲಿ ಗಾಳಿ ವರ್ಷವಿಡೀ ಉತ್ತರದ ಕಡೆಯಿಂದಲೇ. ಹಾಯಿ ಹಡಗಿನ ಕಾಲದಲ್ಲಿ ಹಿಂದೂಸ್ತಾನದ ಹಡಗುಗಳು ಸಾಮಾನ್ಯವಾಗಿ ಜೆದ್ದಾದಲ್ಲೇ ನಿಂತುಬಿಡುತ್ತಿದ್ದವು. ಅಲ್ಲಿಂದ ಮುಂದೆ ಸೂಯೆಜ್ ಕಡೆಗೆ ಎದುರುಗಾಳಿಯಲ್ಲಿ, ಹವಳದ ದಿಬ್ಬಗಳ ನಡುವೆ ತೂರಿಕೊಂಡು ಹೋಗಲು ಇಲ್ಲಿಯವರದ್ದೇ ಬೇರೆ ದೋಣಿಗಳಿದ್ದವು. ಸರಕು ಜೆದ್ದಾದಲ್ಲಿ ಇಳಿದು ಮತ್ತೆ ಏರುತ್ತಿತ್ತು. ಜೆದ್ದಾ ಅಷ್ಟು ದೊಡ್ಡ ಬಂದರಾದದ್ದಕ್ಕೆ ಮಕ್ಕಾ ಹತ್ತಿರವಿದ್ದದ್ದು ಒಂದು ಕಾರಣ, ಈ ಗಾಳಿ ಇನ್ನೊಂದು. ನಮ್ಮ ಬಸರೂರು, ಬಾರಕೂರು, ಭಟ್ಕಳದ ಅಕ್ಕಿ ಏಡನ್, ಹೊರ್ಮುಜ್‌ಗಳಿಗೆ ಹೋಗುತ್ತಿದ್ದ ಕಾಲದ ನಾವಿಕರಿಗೆ ಯಾವ ತಿಂಗಳಲ್ಲಿ ಎಲ್ಲಿಯವರೆಗೆ ಗಾಳಿ ಸಿಗುತ್ತದೆ ಎಂಬುದು ಬಾಯಿಪಾಠ. ಗಾಳಿಯ ಬಗ್ಗೆ ಅಷ್ಟೇ ಗಂಭೀರವಾಗಿ ಯೋಚಿಸುವವರು ಇವತ್ತು ಈ ತೀರದಲ್ಲಿ ಸೈಕಲ್ಲಿನವರು ಮಾತ್ರ ಎಂದು ನನಗನಿಸುತ್ತದೆ. ಹೊರಡುವ ದಿಕ್ಕನ್ನು ನಿರ್ಧರಿಸುವುದು ಗಾಳಿ. ಮಿಕ್ಕದ್ದೆಲ್ಲ ಆಮೇಲೆ.

ಅರ್ರಾಯಿಸ್ ಬಿಟ್ಟು ಹದಿನೈದು ಇಪ್ಪತ್ತು ಕಿಲೋಮೀಟರಿಗೆ ಕರ್ಕಾಟಕ ಸಂಕ್ರಾಂತಿ ವೃತ್ತ ಅಡ್ಡ ಬರುತ್ತದೆ. ಫೋನಿನ ನಕ್ಷೆಯಲ್ಲಿ ಅಕ್ಷಾಂಶ 23.4 ತೋರಿಸಿದಾಗ ನಿಂತೆ. ಸುತ್ತ ಕಲ್ಲು, ಮರಳು, ಎರಡು ಮೂರು ಮುಳ್ಳಿನ ಜಾಲಿ. ಇಲ್ಲಿಂದ ಉತ್ತರಕ್ಕೆ ಸೂರ್ಯ ನೆತ್ತಿಯ ಮೇಲೆ ಎಂದೂ ಬರುವುದಿಲ್ಲ. ದಕ್ಷಿಣಕ್ಕೆ ವರ್ಷದಲ್ಲಿ ಎರಡು ಸಲ ಬರುತ್ತಾನೆ. ಮಂಗಳೂರು, ಬೆಂಗಳೂರುಗಳಲ್ಲಿ ಏಪ್ರಿಲ್ ಕೊನೆಗೆ ಒಮ್ಮೆ, ಆಗಸ್ಟಿನಲ್ಲಿ ಒಮ್ಮೆ. ಮಕ್ಕಾದಲ್ಲಿ ಮೇ 28ರ ಸುಮಾರಿಗೆ, ಮತ್ತೆ ಜುಲೈ 16ರ ಸುಮಾರಿಗೆ. ಆ ಎರಡು ದಿನ ಮಕ್ಕಾದ ನಡುಹಗಲಿನ ಹೊತ್ತಿಗೆ ಸೂರ್ಯ ಕಾಣುವ ಯಾವ ದೇಶದಲ್ಲೇ ಆಗಲಿ ಸೂರ್ಯನ ಕಡೆ ಮುಖ ಮಾಡಿ ನಿಂತರೆ ಅದೇ ಕಿಬ್ಲಾ, ನಮಾಜಿಗೆ ನಿಲ್ಲುವ ದಿಕ್ಕು. ಹಳೆಯ ಮಸೀದಿಗಳ ದಿಕ್ಕು ಸರಿ ನೋಡಲು ಇದನ್ನು ಬಳಸುತ್ತಾರೆ. ರಾಬಿಗ್‌ನಲ್ಲಿ ಆ ಎರಡು ದಿನಗಳ ನಡುವೆ ಒಂದೇ ತಿಂಗಳ ಅಂತರ, ಜೂನ್ ಮೊದಲ ವಾರದ ಹೊತ್ತಿಗೆ ಮತ್ತು ಜುಲೈ ಮೊದಲ ವಾರದ ಹೊತ್ತಿಗೆ. ಅಂದರೆ ಆ ತಿಂಗಳಿಡೀ ನಡುಹಗಲಿನಲ್ಲಿ ಇಲ್ಲಿ ನೆರಳೆಂಬುದೇ ಇಲ್ಲ. ಸೈಕಲ್ಲಿಗೆ ಜನವರಿಯೇ ಸರಿ ಎಂದದ್ದು ಅದಕ್ಕೆ. ಜನವರಿಯ ನಡುಹಗಲಿನಲ್ಲಿ ಸೂರ್ಯ ಅರ್ಧ ಆಕಾಶದಷ್ಟೇ ಏರುತ್ತಾನೆ, ಮನುಷ್ಯನ ನೆರಳು ಮನುಷ್ಯನಷ್ಟೇ ಉದ್ದ ಬೀಳುತ್ತದೆ. ದಕ್ಷಿಣಕ್ಕೆ ಹೋಗುವವನಿಗೆ ಅದು ಹಿಂದೆ ಬೀಳುವುದರಿಂದ ಕಾಣುವುದೂ ಇಲ್ಲ.

ಒಬ್ಬನೇ ಹೋಗುವಾಗ ಬೇಜಾರಾಗುವುದಿಲ್ಲವೇ ಎಂದು ಎಲ್ಲರೂ ಕೇಳುತ್ತಾರೆ. ಬೇಜಾರಾಗಲು ಪುರುಸೊತ್ತು ಬೇಕು. ಕಣ್ಣು ಹ್ಯಾಂಡಲಿಗೆ ಕಟ್ಟಿದ ಕನ್ನಡಿಯಲ್ಲಿ, ಹಿಂದಿನಿಂದ ಬರುವ ಲಾರಿ ಯಾವ ಸಾಲಿನಲ್ಲಿದೆ ಎಂಬುದರ ಮೇಲೆ. ಕಿವಿ ಚೈನಿನ ಮೇಲೆ, ಮರಳು ಹೊಕ್ಕರೆ ಅದರ ಸದ್ದೇ ಬದಲಾಗುತ್ತದೆ. ಕೈಗೆ ಬ್ರೇಕು, ಬಾಯಿಗೆ ಹದಿನೈದು ನಿಮಿಷಕ್ಕೊಮ್ಮೆ ನೀರು, ಬಾಯಾರಿಕೆ ಆಗುವ ಮೊದಲೇ. ರಸ್ತೆ ಬದಿಯ ಡಾಂಬರಿನ ಮೇಲೆ ಮಿನುಗುವ ಸಣ್ಣ ತಂತಿಚೂರುಗಳು ಕಂಡರೆ ತಪ್ಪಿಸಬೇಕು. ಸಿಡಿದ ಲಾರಿ ಟೈರುಗಳ ಒಳಗಿನ ಉಕ್ಕಿನ ಎಳೆಗಳು ಅವು. ಕೂದಲಿನಷ್ಟು ತೆಳು, ಟೈರಿಗೆ ಹೊಕ್ಕರೆ ಕಣ್ಣಿಗೆ ಕಾಣುವುದಿಲ್ಲ. ಮರುಭೂಮಿಯಲ್ಲಿ ಸೈಕಲ್ಲಿಗೆ ಮುಳ್ಳಿಗಿಂತ ಇವು ದೊಡ್ಡ ಶತ್ರು. ಇದರ ನಡುವೆ ಒಂಟೆಗಳು. ಬೇಲಿ ಇದ್ದಲ್ಲಿ ಬೇಲಿಯಾಚೆ, ಇಲ್ಲದಲ್ಲಿ ರಸ್ತೆಯ ಮೇಲೆ. ಕಾರಿಗೆ ಹೆದರದ ಒಂಟೆ ಸೈಕಲ್ಲಿಗೆ ಹೆದರುತ್ತದೆ, ಸದ್ದಿಲ್ಲದೆ ಬರುವುದರಿಂದ ಇರಬೇಕು. ದೂರದಿಂದಲೇ ಬೆಲ್ ಬಾರಿಸುತ್ತ, ಮಾತಾಡುತ್ತ ಹೋದರೆ ತಲೆ ಎತ್ತಿ ನೋಡಿ ಪಕ್ಕಕ್ಕೆ ಸರಿಯುತ್ತದೆ. ನಾನು ಅವುಗಳೊಡನೆ ತುಳುವಿನಲ್ಲಿ ಮಾತಾಡುತ್ತೇನೆ, ಹಟ್ಟಿಯ ದನಗಳೊಡನೆ ಮಾತಾಡಿದ ಅಭ್ಯಾಸ.

ಮಸ್ತೂರಾ ಮುಟ್ಟಿದಾಗ ಹನ್ನೆರಡಕ್ಕೆ ಸ್ವಲ್ಪ ಇತ್ತು. ಐದು ಲೀಟರು ಖಾಲಿ. ಪೆಟ್ರೋಲ್ ಬಂಕು, ಅದರ ಜೊತೆಗೊಂದು ಮಸೀದಿ, ಟೈರಿನಂಗಡಿ, ಬಕಾಲಾ ಎಂಬ ದಿನಸಿ ಅಂಗಡಿ, ಬೂಫಿಯಾ ಎಂಬ ಚಹಾ ತಿಂಡಿಯ ಅಂಗಡಿ. ಈ ದೇಶದ ಹೆದ್ದಾರಿಯ ಇಂಥ ಗುಂಪುಗಳಿಗೆ ನಾನು ಬಹಳ ಋಣಿ. ಬೂಫಿಯಾದ ಹುಡುಗ ಸೈಕಲ್ಲನ್ನು ನೋಡಿ ಹೊರಗೆ ಬಂದ. ಹಿಂದಿಯಲ್ಲಿ ಎರಡು ಮಾತಾದ ಮೇಲೆ ನನ್ನ ಹಿಂದಿಯ ರಾಗ ಕೇಳಿ ನಿಂತ.

"ನಿಮ್ಮದು ಯಾವ ಊರು ಮಾರಾಯ್ರೆ?"

"ಪುತ್ತೂರಿನ ಹತ್ತಿರ."

"ಅಯ್ಯೋ, ನಂದು ಉಪ್ಪಿನಂಗಡಿ! ಒಳಗೆ ಬನ್ನಿ ಅಣ್ಣ, ಎಂತ ಬಿಸಿಲಿಗೆ ನಿಂತಿದ್ದೀರಿ. ಸೈಕಲ್ಲಲ್ಲಿ ಯಾಕೆ ಬರ್ಲಿಕ್ಕೆ ಹೋದದ್ದು, ಬಸ್ಸು ಉಂಟಲ್ಲ?"

ಎರಡು ಮೊಟ್ಟೆಯ ಸ್ಯಾಂಡ್‌ವಿಚ್, ಕಡಕ್ ಚಹಾ, ಆಮೇಲೆ ತಣ್ಣಗಿನ ಲಬನ್. ಲಬನ್ ಎಂದರೆ ಇಲ್ಲಿಯ ಮಜ್ಜಿಗೆ, ನಮ್ಮದಕ್ಕಿಂತ ದಪ್ಪ. ಅದಕ್ಕೆ ಚಿಟಿಕೆ ಉಪ್ಪು ಹಾಕಿ ಕೊಟ್ಟ, ಕೇಳದೆಯೇ. ನೇತ್ರಾವತಿ, ಕುಮಾರಧಾರಾ ಸೇರುವ ಊರಿನ ಹುಡುಗ ಅವನು. ಮಳೆಗಾಲದಲ್ಲಿ ಎರಡೂ ತುಂಬಿ ಬಂದು ದೇವಸ್ಥಾನದ ಎದುರು ಒಂದಾದರೆ ಸಂಗಮವಾಯಿತೆಂದು ಊರಿಗೆ ಊರೇ ನೋಡಲು ಹೋಗುತ್ತದೆ. ಅಂಥ ಊರು ಬಿಟ್ಟು ಬಂದವನು ಇಲ್ಲಿ ದಿನವಿಡೀ ದಾರಿಹೋಕರಿಗೆ ನೀರಿನ ಬಾಟ್ಲಿ ಮಾರುತ್ತಾನೆ. ನನ್ನ ಐದು ಬಾಟ್ಲಿ ತುಂಬಿಸಿ ಕೊಟ್ಟು ದುಡ್ಡು ತೆಗೆದುಕೊಳ್ಳಲಿಲ್ಲ. "ಊರಲ್ಲಿ ನೀರಿಗೆ ದುಡ್ಡು ತೆಗೋತಾರಾ ಅಣ್ಣ?" ಎಂದ.

ಮಸ್ತೂರಾ ಇವತ್ತಿನ ಪ್ರಯಾಣಿಕರಿಗೆ ಪೆಟ್ರೋಲ್ ಹಾಕಿಸುವ ಜಾಗ. ಆದರೆ ಲೋಕದ ಸಿನಿಮಾ ಪ್ರೇಮಿಗಳೆಲ್ಲ ಈ ಊರಿನ ಬಾವಿಯನ್ನು ತಿಳಿಯದೆಯೇ ನೋಡಿದ್ದಾರೆ. 1962ರ 'ಲಾರೆನ್ಸ್ ಆಫ್ ಅರೇಬಿಯಾ' ಚಿತ್ರದಲ್ಲಿ ಬಿಸಿಲ್ಗುದುರೆಯೊಳಗಿಂದ ಕಪ್ಪು ಚುಕ್ಕೆಯಾಗಿ ಹೊರಟು ಒಂಟೆ ಏರಿ ಬರುವ ಒಮರ್ ಷರೀಫ್, ತನ್ನ ಬಾವಿಯ ನೀರು ಕುಡಿದನೆಂದು ಲಾರೆನ್ಸನ ಜೊತೆಗಾರನನ್ನು ಗುಂಡಿಕ್ಕಿ ಕೊಲ್ಲುವ ದೃಶ್ಯವಿದೆಯಲ್ಲ, ಅದರ ಮೂಲ ಈ ಮಸ್ತೂರಾ. ಚಿತ್ರೀಕರಣ ನಡೆದದ್ದು ಜೋರ್ಡನ್ನಿನಲ್ಲಿ. ನಿಜದಲ್ಲಿ ಇಲ್ಲಿ ಯಾರೂ ಯಾರನ್ನೂ ಕೊಲ್ಲಲಿಲ್ಲ. 1916ರ ಅಕ್ಟೋಬರಿನಲ್ಲಿ ಬ್ರಿಟಿಷ್ ಅಧಿಕಾರಿ ಲಾರೆನ್ಸ್ ರಾಬಿಗ್‌ನಿಂದ ಒಂಟೆ ಏರಿ ರಾತ್ರಿ ಹೊರಟು ಮರುದಿನ ಇಲ್ಲಿಯ ಬಾವಿಯ ಬಳಿ ತಂಗಿದ. ಇಬ್ಬರು ಷರೀಫರು ಯಜಮಾನ ಮತ್ತು ಆಳಿನ ವೇಷದಲ್ಲಿ ಬಂದು ನೀರು ಕುಡಿದು ಹೋದರು ಎಂದು ಅವನೇ ಬರೆದಿದ್ದಾನೆ. ನನಗೆ ಸಿನಿಮಾದ ದೃಶ್ಯಕ್ಕಿಂತ ಅದೇ ಇಷ್ಟ. ಬಾವಿಯ ಹಕ್ಕು ಇಂಥ ಕುಲದ್ದು ಎಂಬುದು ನಿಜ, ಕುಲವೈರ ಇದ್ದದ್ದೂ ನಿಜ, ಆದ್ದರಿಂದಲೇ ವೇಷ. ಆದರೂ ದಾರಿಹೋಕನಿಗೆ ನೀರು ಸಿಕ್ಕಿತು.

ಅದೇ ವರ್ಷ ರಾಬಿಗ್ ಎಂಬ ಹೆಸರು ಲಂಡನ್ನಿನ ಮಂತ್ರಿಗಳ ಬಾಯಲ್ಲೆಲ್ಲ ಓಡಾಡಿತ್ತು. ಮಕ್ಕಾದ ಷರೀಫ್ ಹುಸೇನ್ ತುರ್ಕರ ಮೇಲೆ ದಂಗೆಯೆದ್ದಿದ್ದ, ಮದೀನಾ ಮಾತ್ರ ತುರ್ಕರ ಕೈಯಲ್ಲೇ ಇತ್ತು. ಅವರ ಸೈನ್ಯ ಮದೀನಾದಿಂದ ಮಕ್ಕಾಕ್ಕೆ ಹೊರಟರೆ ಯಾವ ದಾರಿಯಲ್ಲಿ ಬರುತ್ತದೆ? ನೀರಿರುವ ದಾರಿಯಲ್ಲಿ. ನೀರಿರುವುದು ಎಲ್ಲಿ? ರಾಬಿಗ್‌ನ ಬಾವಿಗಳಲ್ಲಿ. ಹಾಗಾದರೆ ರಾಬಿಗ್ ಕಾಯಲು ಬ್ರಿಟಿಷ್ ತುಕಡಿಯೊಂದನ್ನು ಇಳಿಸಬೇಕೇ ಬೇಡವೇ ಎಂದು ತಿಂಗಳುಗಟ್ಟಲೆ ಚರ್ಚೆಯಾಯಿತು. ಬೆಟ್ಟದ ಕುಲಗಳು ದಾರಿ ಬಿಡದಿದ್ದರೆ ತುರ್ಕರು ಬಾವಿಯವರೆಗೆ ಬರುವುದೇ ಇಲ್ಲ, ವಿದೇಶಿ ಸೈನ್ಯ ಕಂಡರೆ ಆ ಕುಲಗಳೇ ಚದುರುತ್ತವೆ ಎಂಬುದು ಲಾರೆನ್ಸನ ವಾದ. ಕೊನೆಗೆ ತುಕಡಿ ಇಳಿಯಲಿಲ್ಲ. ಕೆಲವು ಬಾವಿಗಳ ಸಲುವಾಗಿ ಒಂದು ಸಾಮ್ರಾಜ್ಯ ಅಷ್ಟು ದಿನ ತಲೆ ಕೆಡಿಸಿಕೊಂಡಿತೇ ಎಂದು ಪುಸ್ತಕ ಓದುವಾಗ ಅನಿಸಿತ್ತು. ಮುಂದಿನ ಚಕ್ರದ ಪಕ್ಕ ಖಾಲಿ ಬಾಟ್ಲಿಗಳು ತಟತಟನೆ ಬಡಿದುಕೊಳ್ಳುತ್ತಿರುವಾಗ ಹಾಗನಿಸುವುದಿಲ್ಲ.

ಇನ್ನೂ ಹಿಂದಿನ ಸಾಕ್ಷಿ ಬೇಕೆಂದರೆ ಲೋಕಸಂಚಾರಿ ಇಬ್ನ್ ಬತೂತಾ. 1326ರಲ್ಲಿ ಹಜ್ ತಂಡದೊಡನೆ ಮದೀನಾದಿಂದ ಹೊರಟು ಬದ್ರ್ ದಾಟಿದ ಮೇಲೆ ಮೂರು ದಿನದ ನೀರಿಲ್ಲದ ಬಯಲು ಸಿಕ್ಕಿತು, ದಾರಿ ಬಲ್ಲವನೂ ದಾರಿ ತಪ್ಪುವಂಥ ಬಯಲು, ಅದರ ತುದಿಗೆ ರಾಬಿಗ್ ಕಣಿವೆ, ಅಲ್ಲಿ ಮಳೆನೀರು ಗುಂಡಿಗಳಲ್ಲಿ ನಿಂತು ಬಹಳ ದಿನ ಉಳಿಯುತ್ತದೆ ಎಂದು ಆತ ಹೇಳುತ್ತಾನೆ. ಅವನ ಆ ಮೂರು ದಿನದ ಬಯಲಿನ ಅಂಚಿನಲ್ಲೇ ನನ್ನ ಈ ಒಂದು ಹಗಲು. ಮುಂದೆ ಇದೇ ಮನುಷ್ಯ ನಮ್ಮ ಹೊನ್ನಾವರ, ಬಾರಕೂರು, ಮಂಗಳೂರುಗಳನ್ನೂ ಕಂಡ. ಕರಾವಳಿಯ ದಾರಿಯುದ್ದಕ್ಕೂ ನೆರಳು, ಅರ್ಧ ಅರ್ಧ ಮೈಲಿಗೆ ಕಟ್ಟಿಗೆಯ ಮಾಡು, ಅಲ್ಲೊಂದು ಬಾವಿ, ನೀರು ಕೊಡಲೆಂದೇ ಒಬ್ಬ ಮನುಷ್ಯ ಇದ್ದದ್ದನ್ನು ಮಲಬಾರಿನ ವರ್ಣನೆಯಲ್ಲಿ ಬೆರಗಿನಿಂದ ಬರೆದ. ರಾಬಿಗ್‌ನ ಗುಂಡಿಯ ನೀರು ಕುಡಿದು ಬಂದವನ ಕಣ್ಣಿಗಲ್ಲದೆ ಬೇರೆ ಯಾರ ಕಣ್ಣಿಗೆ ಅದು ಅಷ್ಟು ದೊಡ್ಡದಾಗಿ ಕಂಡೀತು? ನಮಗೆ ಅರವಟ್ಟಿಗೆ ಎಂದರೆ ಸೆಕೆಗಾಲದ ಒಂದು ಪುಣ್ಯದ ಕೆಲಸ: ಮಡಕೆ ನೀರು, ಬೆಲ್ಲದ ತುಂಡು, ನೀರುಮಜ್ಜಿಗೆ. ಇಲ್ಲಿ ಅದು ಜೀವ. ಖಲೀಫ ಹಾರೂನ್ ಅಲ್ ರಶೀದನ ರಾಣಿ ಜುಬೈದಾ ಕೂಫಾದಿಂದ ಮಕ್ಕಾದ ದಾರಿಯುದ್ದಕ್ಕೂ ಕಟ್ಟಿಸಿದ ಕೆರೆ ಬಾವಿಗಳಿಂದಾಗಿ ಆ ದಾರಿಗೇ ಅವಳ ಹೆಸರು ಬಂತು. ಅವಳು ತೀರಿಕೊಂಡದ್ದು 831ರಲ್ಲಿ. ಹೆಸರು ಇನ್ನೂ ಇದೆ. ಇವತ್ತಿಗೂ ಇಲ್ಲಿಯ ಮನೆಗಳ ಕಾಂಪೌಂಡಿನ ಹೊರಗೆ, ಮಸೀದಿಗಳ ಗೋಡೆಗೆ ತಣ್ಣೀರಿನ ಯಂತ್ರ ಇಟ್ಟಿರುತ್ತಾರೆ. ಸಬೀಲ್ ಎನ್ನುತ್ತಾರೆ. ತೀರಿಕೊಂಡ ತಂದೆ ತಾಯಿಯ ಹೆಸರಲ್ಲಿ ಮಕ್ಕಳು ಇಡಿಸಿರುತ್ತಾರೆ. ಯಾರ ಅಪ್ಪಣೆಯೂ ಬೇಡ, ಹೋಗಿ ಕುಡಿಯಬಹುದು, ತುಂಬಿಸಿಕೊಳ್ಳಬಹುದು.

ಮಸ್ತೂರಾ ಬಿಟ್ಟ ಮೇಲೆ ವಾಯವ್ಯದ ಗಾಳಿ ಚೆನ್ನಾಗಿ ಹಿಡಿಯಿತು. ತಾಸಿಗೆ ಇಪ್ಪತ್ತನಾಲ್ಕು, ಇಪ್ಪತ್ತಾರು. ಕಾಲು ತಿರುಗುತ್ತಿರುವುದೇ ಗೊತ್ತಾಗದಂತೆ ಹೋಗುವ ಇಂಥ ಒಂದು ಗಂಟೆಗಾಗಿ ಉಳಿದೆಲ್ಲ ಗಂಟೆಗಳನ್ನು ತುಳಿಯಬಹುದು. ಹಾಗಿರುವಾಗ ಹಿಂದಿನ ಚಕ್ರ ಮೆತ್ತಗಾಯಿತು. ಉಕ್ಕಿನ ಎಳೆ. ಇಳಿದು ಚೀಲಗಳನ್ನೆಲ್ಲ ಬಿಚ್ಚಿ, ಟೈರಿನ ಒಳಮೈಯನ್ನು ಹತ್ತಿಯಿಂದ ಸವರಿದರೆ ಹತ್ತಿ ಸಿಕ್ಕಿಕೊಂಡಲ್ಲಿ ತಂತಿ ಇರುತ್ತದೆ. ಬೆರಳಿನಿಂದ ಹುಡುಕಿದರೆ ಬೆರಳು ಹರಿಯುತ್ತದೆ. ಉಗುರು ಚಿಮ್ಮಟದಿಂದ ಕಿತ್ತು ಬೇರೆ ಟ್ಯೂಬ್ ಹಾಕುತ್ತಿದ್ದಾಗ ಒಂದು ಪಿಕಪ್ ನಿಂತಿತು. ಬಿಳಿ ಗಡ್ಡದ ಹಿರಿಯರು. ಹಿಂದೆ ಎರಡು ಕುರಿ, ಒಂದು ನೀರಿನ ಡ್ರಮ್ಮು.

"ಯಾ ಸದೀಕ್, ಮೋಯಾ?" ನೀರು ಬೇಕೇ ಎಂದು.

ಇದೆ ಎಂದರೂ ಬಿಡಲಿಲ್ಲ. ನಾಲ್ಕು ಬಾಟ್ಲಿ ನೀರು, ಒಂದು ಹಿಡಿ ಖರ್ಜೂರ ಕೊಟ್ಟು, ನಾನು ಗಾಳಿ ಹಾಕಿ ಮುಗಿಸುವವರೆಗೂ ಗಾಡಿಯನ್ನು ನನ್ನ ಹಿಂದೆ ಅಡ್ಡ ನಿಲ್ಲಿಸಿ, ಎರಡೂ ದೀಪ ಮಿಣುಕಿಸುತ್ತ ಕೂತರು. ಲಾರಿಗಳು ನನ್ನಿಂದ ದೂರ ಹಾದುಹೋಗಲಿ ಎಂದು. ಅದೊಂದು ಮಾತೂ ಅವರು ಬಾಯಿಬಿಟ್ಟು ಹೇಳಲಿಲ್ಲ.

ರಾಬಿಗ್ ಹತ್ತಿರವಾಗುತ್ತಿದ್ದಂತೆ ಬಲಬದಿಯ ನೆಲ ಬೆಳ್ಳಗಾಗುತ್ತದೆ. ಸಬ್ಖಾ, ಉಪ್ಪು ಹೆಪ್ಪುಗಟ್ಟಿದ ಜೌಗು. ಮೇಲಿನ ಪದರು ಗಟ್ಟಿಯಾಗಿ ಕಂಡರೂ ಕಾಲಿಟ್ಟರೆ ಹೂತುಹೋಗುತ್ತದೆ. ಅದರಾಚೆ ಅಲ್ ಖರ್ರಾರ್ ಹಿನ್ನೀರು, ಅಂಚಿನಲ್ಲಿ ಕಾಂಡ್ಲಾ ಕಾಡು. ಮೊಣಕಾಲಿನಿಂದ ಆಳೆತ್ತರದವರೆಗಿನ ಗಿಡಗಳು. ನಮ್ಮ ಕುಂದಾಪುರದ ಪಂಚಗಂಗಾವಳಿಯಲ್ಲೋ ಹೊನ್ನಾವರದ ಶರಾವತಿಯ ಬಾಯಲ್ಲೋ ಇರುವ ಕಾಂಡ್ಲಾಕ್ಕೆ ಹೊಳೆಯ ಸಿಹಿನೀರು ಬಂದು ಸೇರುತ್ತದೆ. ಇಲ್ಲಿ ಹೊಳೆಯೇ ಇಲ್ಲ. ಮಾಮೂಲಿ ಕಡಲಲ್ಲಿ ಲೀಟರಿಗೆ 35 ಗ್ರಾಂ ಉಪ್ಪಿದ್ದರೆ ಕೆಂಪು ಸಮುದ್ರದಲ್ಲಿ 40ರ ಹತ್ತಿರ, ಹಿನ್ನೀರಿನಲ್ಲಿ ಇನ್ನೂ ಹೆಚ್ಚು. ಅದನ್ನೇ ಕುಡಿದು, ಹೆಚ್ಚಾದ ಉಪ್ಪನ್ನು ಎಲೆಯ ಮೇಲೆ ಹೊರಹಾಕಿ ಬದುಕುತ್ತವೆ. ಎಲೆಯನ್ನು ನೆಕ್ಕಿದರೆ ಉಪ್ಪು. ಅರ್ಧ ಗಂಟೆ ಅಲ್ಲೇ ಕೂತು ಉಳಿದ ತಮೀಸ್ ತಿಂದೆ. ಗುರಿ ಮುಟ್ಟುವ ಅವಸರವಿದ್ದರೆ ಹೀಗೆ ಕೂರಲಾಗುವುದಿಲ್ಲ. ಬೆಂಗಳೂರಿನಲ್ಲಿ ಬ್ರೆವೆ ಎಂಬ ದೂರದ ಸೈಕಲ್ ಸವಾರಿ ಮಾಡುವ ಗೆಳೆಯರಿದ್ದಾರೆ, 200 ಕಿಲೋಮೀಟರು ಹದಿಮೂರೂವರೆ ಗಂಟೆಯಲ್ಲಿ, 600 ಆದರೆ 40 ಗಂಟೆಯಲ್ಲಿ ಮುಗಿಸಬೇಕು. ಅವರ ಛಲಕ್ಕೆ ಕೈ ಮುಗಿಯುತ್ತೇನೆ. ನನ್ನ ದಾರಿಗೆ ಗಡಿಯಾರ ಬೇಡ, ಸೂರ್ಯ ಸಾಕು.

ಇಷ್ಟು ಹೊತ್ತು ನೀರಿಲ್ಲದ ಮಾತಾಯಿತು. ಇಲ್ಲಿ ನೀರು ಬಂದರೆ ಏನಾಗುತ್ತದೆ ಎಂಬುದಕ್ಕೆ ರಾಬಿಗ್‌ನ ಆಗ್ನೇಯಕ್ಕೆ ಸುಮಾರು 20 ಕಿಲೋಮೀಟರಿನಲ್ಲಿ ಅಲ್ ಜುಹ್ಫಾ ಇದೆ. ಸಿರಿಯಾ, ಈಜಿಪ್ಟ್ ಕಡೆಯ ಯಾತ್ರಿಕರು ಇಹ್ರಾಮ್ ಎಂಬ ಯಾತ್ರೆಯ ಬಟ್ಟೆ ಉಡಲು ನಿಗದಿಯಾದ ಸ್ಥಳ ಅದು. ಬೆಟ್ಟದಿಂದ ಇಳಿದ ನೆರೆ ಅದನ್ನು ಕೊಚ್ಚಿಕೊಂಡು ಹೋಯಿತೆಂಬುದು ಹಳೆಯ ಮಾತು. ಊರು ಹಾಳುಬಿದ್ದ ಮೇಲೆ ಯಾತ್ರಿಕರು ರಾಬಿಗ್‌ನಲ್ಲೇ ಇಹ್ರಾಮ್ ಉಡತೊಡಗಿದರು. ರಾಬಿಗ್‌ಗೆ ಹೆಸರು ಬಂದದ್ದಕ್ಕೆ ಬಾವಿಗಳಷ್ಟೇ ಇದೂ ಕಾರಣ. ಈಗ ಜುಹ್ಫಾದಲ್ಲಿ ದೊಡ್ಡ ಮಸೀದಿ, ಸ್ನಾನದ ಕೋಣೆಗಳು ಎಲ್ಲ ಇವೆ. ನೆರೆ ಹಳೆಯ ಕತೆ ಎಂದುಕೊಳ್ಳಬಾರದು. 2009ರ ನವೆಂಬರ್ 25ರಂದು ಕೆಲವೇ ಗಂಟೆಗಳ ಮಳೆಗೆ ಜೆದ್ದಾದಲ್ಲಿ ನೂರಕ್ಕೂ ಹೆಚ್ಚು ಜನ ಸತ್ತರು. ನೂರು ಮಿಲಿಮೀಟರು ಮಳೆ ನಮ್ಮೂರಲ್ಲಿ ಜುಲೈಯ ಒಂದು ಮಾಮೂಲಿ ದಿನ, ಶಾಲೆಗೆ ರಜೆ ಕೊಟ್ಟರೆ ಹೆಚ್ಚು. ನೀರನ್ನು ಹಿಡಿಯುವ ಮಣ್ಣು, ಬೇರು, ತೋಡು ಯಾವುದೂ ಇಲ್ಲದ ನೆಲಕ್ಕೆ ಅಷ್ಟೇ ಮಳೆ ಸಾಕು. ಒಣಗಿದ ವಾದಿಯ, ಅಂದರೆ ಮಳೆ ಬಂದಾಗ ಮಾತ್ರ ಹರಿಯುವ ಹೊಳೆಯ, ತಳದಲ್ಲಿ ಎಷ್ಟೇ ನುಣ್ಣನೆ ಮರಳಿದ್ದರೂ ಡೇರೆ ಹಾಕಬಾರದು ಎಂದು ಇಲ್ಲಿಯವರು ಹೇಳುವುದು ಅದಕ್ಕೆ. ಬೆಟ್ಟದಲ್ಲಿ ಮಳೆಯಾದದ್ದು ಕೆಳಗೆ ಮಲಗಿದವನಿಗೆ ತಿಳಿಯುವುದಿಲ್ಲ.

ರಾಬಿಗ್ ಪೇಟೆ ಹೊಕ್ಕಾಗ ಐದು ಗಂಟೆ. ಇವತ್ತಿನ ರಾಬಿಗ್ ಎಂದರೆ ಊರಿನ ದಕ್ಷಿಣಕ್ಕೆ ಹೊಗೆಕೊಳವೆಗಳ ಸಾಲು. ಅರಾಮ್ಕೊ ಮತ್ತು ಜಪಾನಿನ ಸುಮಿಟೊಮೊ ಕೆಮಿಕಲ್ 2005ರಲ್ಲಿ ಕೈಜೋಡಿಸಿ ಕಟ್ಟಿದ ಪೆಟ್ರೊ ರಾಬಿಗ್. ದಿನಕ್ಕೆ ನಾಲ್ಕು ಲಕ್ಷ ಬ್ಯಾರೆಲ್ ಎಣ್ಣೆ ಶುದ್ಧೀಕರಿಸುವ ಸ್ಥಾವರ, ಜೊತೆಗೆ ಪ್ಲಾಸ್ಟಿಕ್ಕಿನ ಕಚ್ಚಾವಸ್ತು. ಅದರ ಸುತ್ತ ವಿದ್ಯುತ್ ಸ್ಥಾವರಗಳು. ಇನ್ನೂ ದಕ್ಷಿಣಕ್ಕೆ ದೊರೆ ಅಬ್ದುಲ್ಲಾರ ಹೆಸರಿನ ಹೊಸ ನಗರ. 2018ರ ಅಕ್ಟೋಬರಿನಿಂದ ಮಕ್ಕಾ ಮದೀನಾಗಳ ನಡುವೆ ಗಂಟೆಗೆ 300 ಕಿಲೋಮೀಟರು ಓಡುವ ರೈಲು ಅಲ್ಲಿ ನಿಲ್ಲುತ್ತದೆ. ಒಂಟೆ ಸಾಲಿಗೆ ಹತ್ತು ಹನ್ನೆರಡು ದಿನ ಹಿಡಿಯುತ್ತಿದ್ದ ದೂರಕ್ಕೆ ಈಗ ಎರಡು ಗಂಟೆ ಚಿಲ್ಲರೆ. ರೈಲಿನವರಿಗೆ ರಾಬಿಗ್‌ನ ಬಾವಿ ಬೇಕಾಗಿಲ್ಲ.

ಆದರೂ ರಾಬಿಗ್ ನೀರಿನ ಊರಾಗಿಯೇ ಉಳಿದಿದೆ, ಮೊದಲಿಗಿಂತ ನೂರುಪಾಲು ದೊಡ್ಡದಾಗಿ. ಇಲ್ಲಿಯ ಮೂರನೇ ನಿರ್ಲವಣೀಕರಣ ಸ್ಥಾವರವೊಂದೇ ದಿನಕ್ಕೆ 6 ಲಕ್ಷ ಘನ ಮೀಟರ್, ಅಂದರೆ 60 ಕೋಟಿ ಲೀಟರು ಸಿಹಿನೀರು ಕೊಡುವಷ್ಟು ದೊಡ್ಡದು. ಕಡಲ ನೀರನ್ನು ಭಾರಿ ಒತ್ತಡದಲ್ಲಿ ತೆಳು ಪೊರೆಗಳ ಮೂಲಕ ನೂಕಿ ಉಪ್ಪನ್ನು ಆಚೆಗೆ ಉಳಿಸುವ ವಿಧಾನ. ಆ ನೀರು ಜೆದ್ದಾ, ಮಕ್ಕಾ ಕಡೆಗೆ ಹೋಗುತ್ತದೆ. ಬೆಂಗಳೂರಿಗೆ 2024ರಲ್ಲಿ ಬಂದ ಕಾವೇರಿ ಐದನೇ ಹಂತದ ನೀರು ದಿನಕ್ಕೆ 77.5 ಕೋಟಿ ಲೀಟರು ಎಂಬುದನ್ನು ಪಕ್ಕದಲ್ಲಿಟ್ಟು ನೋಡಿದರೆ ಇದರ ಗಾತ್ರ ತಿಳಿಯುತ್ತದೆ. ನಾವು ನೂರು ಕಿಲೋಮೀಟರು ದೂರದ ನದಿಯಿಂದ ಎತ್ತಿ ತರುತ್ತೇವೆ, ಇವರು ಕಡಲನ್ನೇ ಸೋಸುತ್ತಾರೆ. ಎರಡಕ್ಕೂ ಬೇಕಾಗುವ ವಿದ್ಯುತ್ತು ನೆನೆಸಿಕೊಂಡರೆ ನಲ್ಲಿ ತಿರುಗಿಸುವ ಕೈ ಹಗುರಾಗಬೇಕು. ದಿನವಿಡೀ ಲೀಟರು ಲೀಟರಿನ ಲೆಕ್ಕ ಹಾಕಿದವನಿಗೆ ಆ ರಾತ್ರಿ ಕೋಣೆಯ ಷವರಿನ ಕೆಳಗೆ ಹೆಚ್ಚು ಹೊತ್ತು ನಿಲ್ಲಲು ಮನಸ್ಸೇ ಬರಲಿಲ್ಲ.

ಕೋಣೆ ಸಿಕ್ಕಿದ್ದು ಊರಿನವರ ಜೊತೆ. ಸ್ಥಾವರದ ಶಟ್‌ಡೌನ್ ಕೆಲಸಕ್ಕೆಂದು ಬಂದವರು: ಬಂಟ್ವಾಳದ ಫಿಟ್ಟರು, ಕಾಸರಗೋಡಿನ ವೆಲ್ಡರು, ಭಟ್ಕಳದ ಸ್ಟೋರ್‌ಕೀಪರು. ಶಟ್‌ಡೌನ್ ಎಂದರೆ ಸ್ಥಾವರ ನಿಲ್ಲಿಸಿ ಎಲ್ಲ ಬಿಚ್ಚಿ ತೊಳೆದು ಮತ್ತೆ ಜೋಡಿಸುವ ಕೆಲವು ವಾರಗಳು, ಹಗಲು ರಾತ್ರಿ ಪಾಳಿ. ಅಷ್ಟು ದಣಿದು ಬಂದವರು ನನಗಾಗಿ ಮೀನು ತಂದು ಕಾಯುತ್ತಿದ್ದರು. ಕೆಂಪು ಮೈಗೆ ನೀಲಿ ಚುಕ್ಕೆಯ ನಾಜಿಲ್, ನಮ್ಮ ಮುರು ಮೀನಿನ ಬಂಧು, ಈ ತೀರದ ಅತಿ ಬೆಲೆಯ ಮೀನು. ಬಂಟ್ವಾಳದವರು ಮಸಾಲೆ ಅರೆದಿದ್ದರು, ಕುಚ್ಚಲಕ್ಕಿ ಗಂಜಿ ಬೇಯುತ್ತಿತ್ತು. ವೆಲ್ಡರ್ ಚೇಟನ್ ಸೈಕಲ್ಲಿನ ಕ್ಯಾರಿಯರಿನ ಬೆಸುಗೆಯೊಂದು ಸೀಳಿದ್ದನ್ನು ನನಗಿಂತ ಮೊದಲು ಕಂಡು, ಮರುದಿನ ಬೆಳಿಗ್ಗೆ ಪೇಟೆಯ ವರ್ಕ್‌ಶಾಪಿನಲ್ಲಿ ಸರಿಮಾಡಿಸಿಕೊಟ್ಟರು. ಉಕ್ಕಿನ ಕ್ಯಾರಿಯರು, ಉಕ್ಕಿನ ಫ್ರೇಮು ಇರಬೇಕೆನ್ನುವುದು ಇದಕ್ಕೇ. ಅಲ್ಯೂಮಿನಿಯಂ ಬೆಸೆಯುವವರು ಎಲ್ಲೆಡೆ ಸಿಗುವುದಿಲ್ಲ, ಉಕ್ಕು ಬೆಸೆಯುವವರು ಗಲ್ಫಿನ ಪ್ರತಿ ಊರಲ್ಲಿದ್ದಾರೆ, ಬಹಳಷ್ಟು ಜನ ನಮ್ಮವರೇ.

ಗಂಜಿ ಉಣ್ಣುತ್ತ ಬೊಂಬಾಯಿಯ ಪಾರ್ಸಿ ಹುಡುಗರ ಕತೆ ಹೇಳಿದೆ. 1923ರಲ್ಲಿ ಆರು ಜನ ಸೈಕಲ್ಲಿನಲ್ಲಿ ಲೋಕ ಸುತ್ತಲು ಹೊರಟರು. ಇರಾನ್, ಬಾಗ್ದಾದ್ ದಾಟಿ, ಸಿರಿಯಾದ ಮರಳುಗಾಡು ದಾಟಿ ಹೋಗಿ, 1928ರಲ್ಲಿ ಮರಳಿದಾಗ ಉಳಿದವರು ಮೂವರು: ಆದಿ ಹಕೀಮ್, ಜಾಲ್ ಬಾಪಸೋಲಾ, ರುಸ್ತುಂ ಭುಮ್‌ಗರಾ. ತುಳಿದದ್ದು 71,000 ಕಿಲೋಮೀಟರು. ಅವರ ಪುಸ್ತಕಕ್ಕೆ ಮುನ್ನುಡಿ ಜವಾಹರಲಾಲ್ ನೆಹರೂ. ಫೋನಿಲ್ಲ, ನಕ್ಷೆಯೇ ಸರಿಯಿಲ್ಲ, ಬಾಟ್ಲಿ ನೀರೆಂಬುದೇ ಇಲ್ಲದ ಕಾಲ. "ನೀರಿಗೆ ಎಂತ ಮಾಡಿದ್ರು ಅವ್ರು?" ಎಂದು ಭಟ್ಕಳದವರು ಕೇಳಿದರು. ಎಲ್ಲರಿಗೂ ಮೊದಲು ತೋಚಿದ ಪ್ರಶ್ನೆ ಅದೇ.

ಈ ದೇಶ ಪ್ರವಾಸಿಗರಿಗೆ ವೀಸಾ ಕೊಡತೊಡಗಿದ್ದು 2019ರ ಸೆಪ್ಟೆಂಬರಿನಿಂದ. ಅದರ ನಂತರ ದೂರದ ಸೈಕಲ್ ಸವಾರರು ಈ ದಾರಿಯಲ್ಲಿ ಕಾಣಿಸಿಕೊಳ್ಳತೊಡಗಿದ್ದಾರೆ. ಹೆಚ್ಚಿನವರು ಜೋರ್ಡನ್ನಿನ ಕಡೆಯಿಂದ ಇಳಿಯುವ ಐರೋಪ್ಯರು. ನಮ್ಮ ಕಡೆಯಿಂದಲೂ ಬರಬೇಕು. ಬರುವುದಾದರೆ ಡಿಸೆಂಬರಿನಿಂದ ಫೆಬ್ರವರಿಯ ಒಳಗೆ ಬನ್ನಿ, ಉತ್ತರದಿಂದ ದಕ್ಷಿಣಕ್ಕೆ ಬನ್ನಿ. ಅರ್ರಾಯಿಸ್‌ನಿಂದ ಮಸ್ತೂರಾಕ್ಕೆ ಆರು ಲೀಟರು ಇಟ್ಟುಕೊಳ್ಳಿ, ಎರಡು ಹೆಚ್ಚಿಗೆ ಕಟ್ಟಿಕೊಳ್ಳಿ. ಮಸ್ತೂರಾದಿಂದ ರಾಬಿಗ್‌ಗೆ ನಾಲ್ಕು ಸಾಕು. ರಾಬಿಗ್‌ನಿಂದ ಥುವಲ್‌ಗೆ ಸುಮಾರು ಅರವತ್ತು ಕಿಲೋಮೀಟರು, ನಡುವೆ ಹೊಸ ನಗರದ ಅಂಗಡಿಗಳಿವೆ, ಅದಕ್ಕೂ ನಾಲ್ಕೇ. ಟ್ಯೂಬುಗಳು ಕಾರಿನ ವಾಲ್ವಿನವೇ ಇರಲಿ, ಪೆಟ್ರೋಲ್ ಬಂಕಿನಲ್ಲಿ ಗಾಳಿ ಹಿಡಿಸಿಕೊಳ್ಳಬಹುದು. ಹತ್ತಿಯ ಉಂಡೆ, ಚಿಮ್ಮಟ ಮರೆಯಬೇಡಿ. ಒಣ ಪುನರ್ಪುಳಿ ಕಾಲು ಕಿಲೋ ತನ್ನಿ, ಅದರಲ್ಲಿ ಅರ್ಧವನ್ನು ಮಸ್ತೂರಾದ ಬೂಫಿಯಾದಲ್ಲಿ ಆ ಹುಡುಗನಿಗೆ ಕೊಡಿ. ಊರಿನದ್ದು ಮುಗಿದು ಬಹಳ ದಿನವಾಯಿತು ಎನ್ನುತ್ತಿದ್ದ.